ಎಲ್ಕ್‌ಗಿಂತ ಪಿಕಪ್‌ಗಳೇ ಜಾಸ್ತಿ ಕಾಣ್ತಿವೆ, ಅನುಭವ ಇದ್ದೋರು ಹೇಳಿ

ಪ್ರಶ್ನೆ: ಎಲ್ರಿಗೂ ನಮಸ್ಕಾರ. ಊರು ಮೂಡಿಗೆರೆ ಕಡೆ, ಈಗ ಇರೋದು ಡೆನ್ವರ್ ಹತ್ರ. 4 ವರ್ಷದಿಂದ ಕೊಲೊರಾಡೋದ ಸೆಕೆಂಡ್ ರೈಫಲ್ ಸೀಸನ್ನಿಗೆ (ಕೋವಿ ಬೇಟೆಯ ಎರಡನೇ ಸರದಿ) ಎಲ್ಕ್ ಅನ್ನೋ ದೊಡ್ಡ ಜಿಂಕೆ ಬೇಟೆಗೆ ಹೋಗ್ತಿದೀನಿ, ಲಾಟರಿ ಇಲ್ದೆ ನೇರವಾಗಿ ಸಿಗೋ ಓಟಿಸಿ ಟ್ಯಾಗ್ (ಒಂದು ಪ್ರಾಣಿ ಹೊಡೆಯೋ ಪರವಾನಗಿ) ತಗೊಂಡು. ಮೊದಲ 2 ವರ್ಷ ಒಬ್ಬ ರ‍್ಯಾಂಚ್ ಯಜಮಾನ ತನ್ನ ಜಮೀನೊಳಗೆ ಬಿಡ್ತಿದ್ದ, ಆಮೇಲೆ ಅದನ್ನ ಮಾರಿದ, ಹೊಸಬ ಬೇಟೆ ಹಕ್ಕನ್ನ ಔಟ್‌ಫಿಟ್ಟರ್‌ಗೆ (ದುಡ್ಡು ತಗೊಂಡು ಬೇಟೆಗೆ ಕರ್ಕೊಂಡು ಹೋಗೋನು) ಲೀಸ್ ಕೊಟ್ಟು ಗೇಟಿಗೆ ಬೀಗ ಜಡಿದ. ಸರಿ ಅಂತ ಎಲ್ರಿಗೂ ತೆರೆದಿರೋ ಸರ್ಕಾರಿ ಫಾರೆಸ್ಟ್ ಜಾಗಕ್ಕೆ ಹೋದ್ರೆ ಬೆಳಗಿನ ಜಾವ 4 ಗಂಟೆಗೇ ಟ್ರೇಲ್ ಬುಡದಲ್ಲಿ 19 ಪಿಕಪ್, ನಾನು 20ನೇದು. ಎರಡು ವರ್ಷ ಖಾಲಿ ಕೈ. ಜಾಗ ಬದಲಿಸ್ಲಾ, ವಯೋಮಿಂಗ್ ಕಡೆ ನೋಡ್ಲಾ? ಇನ್ನೊಂದು, H-1B ವೀಸಾ ಮೇಲಿರೋ ಫ್ರೆಂಡ್ ಕೂಡ ಬರ್ತೀನಿ ಅಂತಿದಾನೆ, ಅವನು ಕೋವಿ ಹಿಡೀಬೋದಾ?

ಗ್ರ್ಯಾಂಡ್ ಜಂಕ್ಷನ್‌ನಿಂದ:
ಜನ ಬಂದ್ರು ಅಂತ ನಾನೂ ಮೂರು ಸೀಸನ್ ಬಯ್ಕೊಂಡೇ ಓಡಾಡಿದೀನಿ ಮಾರಾಯ್ರೆ, ಏನೂ ಆಗ್ಲಿಲ್ಲ. ಆಮೇಲೆ ಒಂದಿನ ನಮ್ಮ ತಾತ ಹೇಳ್ತಿದ್ದ ಕಥೆ ನೆನಪಾಯ್ತು, ಬೇಟೆ ನಿಲ್ಸಿದ 1972ರ ವನ್ಯಜೀವಿ ಕಾಯ್ದೆ ಬರೋಕೆ ಮುಂಚಿನದ್ದು. ಹಳು ಸೋವೋರು ಒಂದು ಕಡೆಯಿಂದ ತಮಟೆ ಬಡ್ಕೊಂಡು ಕೂಗ್ತಾ ಬರೋರಂತೆ, ಕೋವಿ ಇದ್ದೋರು ಇನ್ನೊಂದು ಕಡೆ ಪ್ರಾಣಿ ದಾಟೋ ಕಂಡೀಲಿ ಉಸಿರು ಬಿಗಿಹಿಡಿದು ಕೂತಿರೋರಂತೆ. ನಿಮ್ಮ 19 ಪಿಕಪ್‌ನೋರು ಯಾರು ಅನ್ಕೊಂಡ್ರಿ? ಸಂಬಳ ಇಲ್ದೆ ಹಳು ಸೋಯೋಕೆ ಬಂದೋರು!

ನಾನು ಹೋಗೋದು ಕೊಲೊರಾಡೋದ ಫ್ಲ್ಯಾಟ್ ಟಾಪ್ಸ್ ಬೆಟ್ಟಗಳ ಕಡೆ, ಅಲ್ಲಿ ಹಿಂಡೂ ದೊಡ್ಡದು ಜನವೂ ಜಾತ್ರೆ. ಮ್ಯಾಪಲ್ಲಿ ಈಗ ನಾನು ಮೊದ್ಲು ನೋಡೋದು ಎಲ್ಕ್ ಎಲ್ಲಿದೆ ಅಂತಲ್ಲ, ಪಾರ್ಕಿಂಗ್ ಎಲ್ಲಿದೆ, ಜನ ಯಾವ ದಾರೀಲಿ ಹತ್ತುತಾರೆ, ಓಡಿದ ಪ್ರಾಣಿ ಯಾವ ಕಂಡಿ ದಾಟಿ ಎಲ್ಲಿ ಅಡಗುತ್ತೆ ಅಂತ. ಬಹುತೇಕ ಅದು ಉತ್ತರಕ್ಕೆ ಮುಖ ಮಾಡಿದ ಕಡಿದಾದ ಕತ್ತಲು ಕಾಡು, ಹುಳ ತಿಂದು ಬಿದ್ದ ಪೈನ್ ದಿಮ್ಮಿಗಳ ಗೋಜಲು, ಅಲ್ಲಿ ಒಂದು ಮೈಲಿ ದಾಟೋಕೆ ಎರಡು ಗಂಟೆ ಬೇಕು, ಅದಕ್ಕೇ ಯಾರೂ ಹೋಗಲ್ಲ.

ಹೋದ ಸಲ ರಾತ್ರಿ 2ಕ್ಕೇ ಹೊರಟು ಎರಡು ಕಣಿವೆ ನಡುವಿನ ಕಂಡೀಲಿ ಕೂತೆ. ಗಾಳಿ ಲೆಕ್ಕ ಮರೀಬೇಡಿ, ಮುಂಜಾನೆ ತಣ್ಣಗಿನ ಗಾಳಿ ಇಳಿಜಾರಿಗೆ ಇಳಿಯುತ್ತೆ, ಬಿಸಿಲು ಬಿದ್ಮೇಲೆ ಮೇಲಕ್ಕೆ ತಿರುಗುತ್ತೆ, ಆ ತಿರುಗೋ ಹೊತ್ತಲ್ಲೇ ನಿಮ್ಮ ವಾಸ್ನೆ ಹೋಗಿ ಎಲ್ಲಾ ಕೆಡೋದು. 8:40ಕ್ಕೆ ಕೆಳಗೆ ರೋಡ್ ಕಡೆ ಎರಡು ಈಡು. ಇಪ್ಪತ್ತು ನಿಮಿಷಕ್ಕೆ ಒಣ ಕಡ್ಡಿ ಲಟಕ್ ಅಂತು. ಮೊದ್ಲು ಹೆಣ್ಣುಗಳು ಬಂದ್ವು, ಮೂಗಿಂದ ಹಬೆ, ಹಿಂದೆ ತಿರುಗಿ ತಿರುಗಿ ನೋಡ್ತಾ, ನನ್ನ ಕಡೆ ಒಂದೂ ನೋಡ್ಲಿಲ್ಲ. ಕೊನೇಲಿ ಗಂಡು. ಆ ಯೂನಿಟ್ಟಲ್ಲಿ (ಬೇಟೆ ವಲಯ) ಹೊಡೀಬೇಕು ಅಂದ್ರೆ ಒಂದು ಕೊಂಬಿಗೆ 4 ಕವಲು ಇರಬೇಕು, ಇಲ್ಲಾ ಹುಬ್ಬಿನ ಕವಲು 5 ಇಂಚು ಇರಬೇಕು. ಎದೆ ಡವಡವ ಅಂತಿರೋವಾಗ ಕವಲು ಎಣಿಸೋದು ಇದ್ಯಲ್ಲ, ಅದೊಂದು ಶಿಕ್ಷೆ. ಎಣಿಸ್ದೆ, ಇತ್ತು, ಹೊಡೆದೆ. ಆಮೇಲೆ ಮೂರು ಮೈಲಿ, ನಾಲ್ಕು ಸುತ್ತು, ತೊಡೆಗಳನ್ನ ಬೆನ್ನಿಗೆ ಕಟ್ಕೊಂಡು ಇಳಿಸೋಕೆ ಎರಡು ದಿನ ಹಿಡೀತು. ಒಬ್ರೇ ಹೋಗಿ ಆ ಗೋಜಲಲ್ಲಿ ಹೊಡೀಬೇಡಿ, ಮಾಂಸ ಹಾಳು ಮಾಡೋದು ಪಾಪ ಮಾತ್ರ ಅಲ್ಲ, ಕಾನೂನಲ್ಲೂ ತಪ್ಪೇ.

ಅಷ್ಟೆಲ್ಲ ಆಗಲ್ಲ ಅಂದ್ರೆ ಸೀಸನ್ ಶುರುವಾಗೋ ಶನಿವಾರ ಮನೇಲೇ ಇದ್ದು ಮಂಗಳವಾರ ರಜೆ ಹಾಕಿ ಹೋಗಿ, ಅಷ್ಟೊತ್ತಿಗೆ ಅರ್ಧ ಟೆಂಟ್ ಖಾಲಿ.

ಲ್ಯಾರಮಿಯಿಂದ:
ವಯೋಮಿಂಗ್ ಅಂದ್ರಲ್ಲ, ಮೊದ್ಲೇ ಒಂದು ಮಾತು, ಇಲ್ಲಿನ ರೆಸಿಡೆಂಟ್ ಅಲ್ದೆ ಇದ್ರೆ ಫೆಡರಲ್ ವೈಲ್ಡರ್‌ನೆಸ್ (ರಸ್ತೆ, ಗಾಡಿ ಇಲ್ಲದ ರಕ್ಷಿತ ಕಾಡು) ಒಳಗೆ ಗೈಡ್ ಇಲ್ದೆ ಎಲ್ಕ್ ಬೇಟೆ ಆಡಂಗಿಲ್ಲ. ಉಳಿದಿದ್ರಲ್ಲಿ ದಕ್ಷಿಣದ ಕಡೆ ಬಹಳಷ್ಟು ಚೆಸ್ ಬೋರ್ಡ್ ಥರದ ಜಾಗ. 1860ರ ದಶಕದಲ್ಲಿ ರೈಲ್ವೆ ಕಂಪನಿಗೆ ಒಂದು ಬಿಟ್ಟು ಒಂದು ಚದರ ಮೈಲಿ ಕೊಟ್ಟಿದ್ರು, ಅದಕ್ಕೇ ಬಿಳಿ ಮನೆ ಖಾಸಗಿ, ಕಪ್ಪು ಮನೆ ಸರ್ಕಾರಿ. ಸರ್ಕಾರಿ ಜಾಗಗಳು ಮೂಲೇಲಿ ಮಾತ್ರ ಒಂದಕ್ಕೊಂದು ತಾಗೋದು, ಆ ಮೂಲೆ ದಾಟಿದ್ರೆ ಅತಿಕ್ರಮಣನಾ ಅಂತ ವರ್ಷಗಟ್ಲೆ ಜಗಳ. 2021ರಲ್ಲಿ ಮಿಸೌರಿಯ ನಾಲ್ಕು ಜನ ಎಲ್ಕ್ ಮೌಂಟನ್ ಹತ್ರ ಏಣಿ ಇಟ್ಕೊಂಡು ಮೂಲೆ ದಾಟಿದ್ರು, ಖಾಸಗಿ ನೆಲಕ್ಕೆ ಕಾಲೇ ತಾಗ್ಸಿಲ್ಲ, ಆದ್ರೂ ಕೇಸು. 2022ರಲ್ಲಿ ಜ್ಯೂರಿ ಬಿಡ್ತು, ಜಮೀನ್ದಾರ ಸಿವಿಲ್ ಕೇಸನ್ನ ಬಿಡ್ಲಿಲ್ಲ, 2025ರ ಮಾರ್ಚಲ್ಲಿ 10ನೇ ಸರ್ಕ್ಯೂಟ್ ಕೋರ್ಟು (ಕೆಲವು ರಾಜ್ಯಗಳಿಗೆ ಸೇರಿದ ಫೆಡರಲ್ ಅಪೀಲು ಕೋರ್ಟು) ಬೇಟೆಗಾರರ ಪರ ತೀರ್ಪು ಕೊಡ್ತು, ಅಕ್ಟೋಬರಲ್ಲಿ ಸುಪ್ರೀಂ ಕೋರ್ಟು ಅಪೀಲು ತಗೊಳ್ಲೇ ಇಲ್ಲ. ಕೊಲೊರಾಡೋನೂ ಅದೇ ಸರ್ಕ್ಯೂಟು. ಮೊಂಟಾನಾ ಅಲ್ಲ, ಅಲ್ಲಿ ಈ ಧೈರ್ಯ ಬೇಡ.

ಫೋನ್ ಮ್ಯಾಪಲ್ಲಿ ಮೂಲೆ ತೋರ್ಸುತ್ತೆ ಅಂತ ಕಾಲಿಡಬೇಡಿ, ನಾಲ್ಕೈದು ಮೀಟರ್ ಆಚೀಚೆ ಆಗುತ್ತೆ. ನೆಲದಲ್ಲಿ ಸರ್ವೆ ಹಿತ್ತಾಳೆ ಬಿಲ್ಲೆ ಇರುತ್ತೆ, ಅದನ್ನ ಹುಡುಕಿ. ನಮ್ಮೂರಲ್ಲಿ ಬಾಂದ್ ಕಲ್ಲು ಹುಡುಕ್ತೀವಲ್ಲ ಹಾಗೇ.

ಕ್ರೇಗ್ ಹತ್ರದಿಂದ:
ಅಣ್ಣ, ಖಾಸಗಿ ಜಮೀನು ಬಾಗ್ಲು ಪೂರ್ತಿ ಮುಚ್ಚಿದೆ ಅನ್ನೋದನ್ನ ನಾನು ಒಪ್ಪಲ್ಲ. ಗಂಡು ಎಲ್ಕ್‌ಗೆ ಮುಚ್ಚಿದೆ, ಅದಕ್ಕೆ ಔಟ್‌ಫಿಟ್ಟರ್ ಸಾವಿರಾರು ಡಾಲರ್ ಎಣಿಸ್ತಾನೆ. ಹೆಣ್ಣಿಗೆ ಯಾರು ದುಡ್ಡು ಕೊಡ್ತಾರೆ? ಆದ್ರೆ ಚಳಿಗಾಲದಲ್ಲಿ ಹುಲ್ಲಿನ ಬಣವೆಗೆ ನುಗ್ಗಿ ತಿನ್ನೋ ಹಿಂಡಲ್ಲಿ ಅವೇ ಜಾಸ್ತಿ. ಆಗ ರ‍್ಯಾಂಚಿನೋರ ಮುಖ ನೋಡಬೇಕು, ಗದ್ದೆಗೆ ಹಂದಿ ಬಿದ್ದ ಬೆಳಿಗ್ಗೆ ನಮ್ಮಪ್ಪನ ಮುಖ ಹೆಂಗಿರ್ತಿತ್ತೋ ಅದೇ. ಖಾಸಗಿ ಜಮೀನಿಗೆ ಮಾತ್ರ ಅಂತ ಹೆಣ್ಣು ಎಲ್ಕ್ ಟ್ಯಾಗ್ ಬರುತ್ತೆ, ಅದಕ್ಕೆ ಅರ್ಜಿ ಹಾಕಿ, ಸುಮಾರು ಏಪ್ರಿಲ್ ಮೊದಲ ವಾರಕ್ಕೆ ಕೊನೆ.

ಕೇಳೋಕೆ ಅಕ್ಟೋಬರಲ್ಲಿ ಬೇಟೆಯ ಕ್ಯಾಮೋ ಬಟ್ಟೆ ಹಾಕ್ಕೊಂಡು ಹೋಗ್ಬೇಡಿ, ಆ ವಾರ ಅವರ ಬಾಗ್ಲು ಹತ್ತು ಜನ ತಟ್ಟಿರ್ತಾರೆ. ನಾನು ಜೂನಲ್ಲಿ ಹೋಗಿ ಎರಡು ಶನಿವಾರ ಬೇಲಿ ತಂತಿ ಎಳ್ಕೊಟ್ಟೆ, ಕೈಯೆಲ್ಲ ಗೀರು. ಬೇಟೆ ಮಾತು ಎತ್ತಿದ್ದು ಯಜಮಾನರ ಹೆಂಡತೀನೇ. ಈಗ 5ನೇ ವರ್ಷ. ಬೋರ್ಡ್ ಇಲ್ಲ ಅಂತ ಮಾತ್ರ ಎಲ್ಲೂ ನುಗ್ಗಬೇಡಿ, ಕೊಲೊರಾಡೋದಲ್ಲಿ ಬೋರ್ಡ್ ಇರ್ಲಿ ಬಿಡ್ಲಿ ಅನುಮತಿ ಬೇಕು.

ಅರೋರಾದಿಂದ:
H-1B ಫ್ರೆಂಡ್ ವಿಷ್ಯ. ಆ ವೀಸಾದೋರು ಕೋವಿ, ತೋಟಾ ಇಟ್ಕೊಳ್ಳೋದು ಫೆಡರಲ್ ಕಾನೂನಲ್ಲಿ ಸಾಮಾನ್ಯವಾಗಿ ಅಪರಾಧ, ನಿಮ್ಮ ಕೋವಿ ಐದು ನಿಮಿಷ ಹಿಡ್ಕೊಂಡ್ರೂ ಲೆಕ್ಕಕ್ಕೆ ಬರ್ಬೋದು. ಯಾವ್ದಾದ್ರೂ ಸ್ಟೇಟಿನ ಚಾಲ್ತಿ ಬೇಟೆ ಲೈಸೆನ್ಸ್ ಇದ್ರೆ ವಿನಾಯಿತಿ ಇದೆ. ಲೈಸೆನ್ಸ್ ಮುಗೀತು ಅಂದ್ರೆ ವಿನಾಯಿತೀನೂ ಮುಗೀತು. ಮೊದ್ಲು ಹಂಟರ್ ಎಜುಕೇಶನ್ ಮಾಡಿಸಿ, ಲೈಸೆನ್ಸ್ ತೆಗೆಸಿ, ಒಂದ್ಸಲ ಇಮಿಗ್ರೇಶನ್ ಲಾಯರ್ ಹತ್ರ ಕೇಳಿ. ಇಲ್ಲಾಂದ್ರೆ ಈ ಸಲ ಮಾಂಸ ಹೊರೋಕೆ ಕರ್ಕೊಂಡೋಗಿ, ಅದಕ್ಕೆ ಯಾವ ವೀಸಾನೂ ಬೇಡ ಹ್ಹ ಹ್ಹ.

ಪ್ರಶ್ನೆ ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ಕ್ರೇಗ್ ಅಕ್ಕ, ಬೇಲಿ ಕೆಲ್ಸಕ್ಕೆ ನಾನೂ ಬರ್ಲಾ ಕೇಳಿ ನೋಡಿ, ಊರಲ್ಲಿ ಮಾಡಿ ಅಭ್ಯಾಸ ಇದೆ. ಕಂಡಿ ಕಥೆ ಓದಿ ನಿನ್ನೆ ರಾತ್ರಿನೇ ಮ್ಯಾಪ್ ತೆಗೆದು ಕೂತೆ, ನಾನು ಗಾಡಿ ನಿಲ್ಸೋ ಜಾಗದ ಹಿಂದೆ ಒಂದೂವರೆ ಮೈಲಿಗೆ ಅಂಥದ್ದೇ ಒಂದಿದೆ, ಎರಡು ವರ್ಷದಿಂದ ಅದರ ಕಡೆ ಬೆನ್ನು ಹಾಕ್ಕೊಂಡೇ ಹತ್ತಿದೀನಿ. ಫ್ರೆಂಡ್ ಹೊರೋಕೆ ಒಪ್ಪಿದಾನೆ, ಆದ್ರೆ ಎಲ್ಕ್ ಮಾಂಸಕ್ಕೆ ಕಾಚಂಪುಳಿ ಹಾಕಿದ್ರೆ ಮಾತ್ರ ಬರ್ತೀನಿ ಅಂತಾನೆ, ಡೆನ್ವರಲ್ಲಿ ಯಾರ ಹತ್ರ ಒಂದು ಬಾಟ್ಲು ಇದೆ?