ದೊಡ್ಡಗದ್ದವಳ್ಳಿ ಲಕ್ಷ್ಮೀದೇವಿ ಗುಡಿ: ಒಳಗೆ ಏನನ್ನು, ಹೇಗೆ ನೋಡಬೇಕು?

ಪ್ರಶ್ನೆ: ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ದೊಡ್ಡಗದ್ದವಳ್ಳಿಗೂ ಹೋಗುವ ಯೋಚನೆಯಿದೆ. ಎಷ್ಟು ಸಮಯ ಇಟ್ಟುಕೊಳ್ಳಬೇಕು? ಏನನ್ನು ತಪ್ಪಿಸಿಕೊಳ್ಳಬಾರದು?

ಉತ್ತರ 1: ಕನಿಷ್ಠ ಒಂದೂವರೆ ಗಂಟೆ ಇರಲಿ. ಮೊದಲು ಒಳಗೆ ನುಗ್ಗಬೇಡಿ. ಪ್ರಾಕಾರದೊಳಗೆ ಒಂದು ಸುತ್ತು ಬಂದು ಶಿಖರಗಳನ್ನು ನೋಡಿ. ಮೂರು ಶಿಖರಗಳು ಮೆಟ್ಟಿಲು ಮೆಟ್ಟಿಲಾಗಿ ಏರುವ ಕದಂಬ ನಾಗರ ಶೈಲಿಯವು, ಹೆಚ್ಚು ಕೆತ್ತನೆ ಇಲ್ಲ. ನಾಲ್ಕನೆಯದು ಬೇರೆಯೇ, ಅಲಂಕಾರ ತುಂಬಿದ್ದು. ಇದು ಚತುಷ್ಕೂಟ, ಅಂದರೆ ನಾಲ್ಕು ಗರ್ಭಗುಡಿ. ಹೊಯ್ಸಳರಲ್ಲಿ ಈ ವಿನ್ಯಾಸ ಅಪರೂಪ.

ಬೇಲೂರನ್ನು ಮನಸ್ಸಲ್ಲಿಟ್ಟುಕೊಂಡು ಬಂದವರಿಗೆ ಗೋಡೆಗಳು ಸಪ್ಪೆ ಅನ್ನಿಸುತ್ತವೆ. ಇಲ್ಲಿ ಎತ್ತರದ ಜಗತಿಯೂ (ಗುಡಿ ನಿಲ್ಲುವ ಕಟ್ಟೆ) ಇಲ್ಲ, ಆನೆ-ಕುದುರೆಗಳ ಸಾಲುಪಟ್ಟಿಯೂ ಇಲ್ಲ. ಇದು 1113ರ ಸುಮಾರಿನದು, ಬೇಲೂರಿನ ಚೆನ್ನಕೇಶವನಿಗಿಂತ (1117) ಮೊದಲಿನದು. ವಿಷ್ಣುವರ್ಧನನ ಕಾಲದಲ್ಲಿ ಕಟ್ಟಿಸಿದವರು ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಆದ್ದರಿಂದ ಇದನ್ನು ಮೊದಲು ನೋಡಿ, ಬೇಲೂರನ್ನು ಆಮೇಲೆ. ಶೈಲಿ ಬೆಳೆದ ಬಗೆ ಆಗ ಕಣ್ಣಿಗೆ ಕಟ್ಟುತ್ತದೆ.

ಉತ್ತರ 2: ಒಳಗೆ ಕತ್ತಲೆ, ಟಾರ್ಚ್ ಬೇಕೇ ಬೇಕು. ಹೊರಗಿನ ಬಿಸಿಲಿನಿಂದ ಬಂದ ಕೂಡಲೇ ಏನೂ ಕಾಣುವುದಿಲ್ಲ. ಐದಾರು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಬೆಳಕನ್ನು ನೇರವಾಗಿ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಹಾಯಿಸಿ. ಬಳಪದ ಕಲ್ಲಿನ ಕೆತ್ತನೆಯ ಆಳ ಗೊತ್ತಾಗುವುದು ಆಗಲೇ. ಲಕ್ಷ್ಮಿಯ ಮೂರ್ತಿ ಸುಮಾರು ಮೂರಡಿ ಎತ್ತರ. ಮೇಲಿನ ಕೈಗಳಲ್ಲಿ ಶಂಖ-ಚಕ್ರ, ಕೆಳಗಿನವುಗಳಲ್ಲಿ ಜಪಮಾಲೆ-ಗದೆ. ನಾಲ್ಕು ಗರ್ಭಗುಡಿಗಳಲ್ಲಿ ಒಂದು ಕಾಳಿಯದು; ಅದರ ಬಾಗಿಲ ಎರಡೂ ಬದಿಗೆ ಎಲುಬು ಕಾಣುವ ಬೇತಾಳಗಳಿವೆ. ನನ್ನ ಮಟ್ಟಿಗೆ ಈ ಗುಡಿಯ ಅತ್ಯಂತ ಧೈರ್ಯದ ಶಿಲ್ಪಗಳು ಅವೇ. ಪಕ್ಕೆಲುಬು, ಗುಳಿಬಿದ್ದ ಹೊಟ್ಟೆ, ಹಲ್ಲುಗಳನ್ನು ನಿಧಾನವಾಗಿ ನೋಡಿ.

ಕಾಳಿಯ ಮೂರ್ತಿ 2020ರ ನವೆಂಬರ್‌ನಲ್ಲಿ ಒಡೆದ ಸ್ಥಿತಿಯಲ್ಲಿ ಸಿಕ್ಕಿತ್ತು. ದಯವಿಟ್ಟು ಯಾವ ಶಿಲ್ಪವನ್ನೂ ಮುಟ್ಟಬೇಡಿ, ಒರಗಬೇಡಿ. ಬಳಪದ ಕಲ್ಲು ಮೆದು. ಕೈಯ ಎಣ್ಣೆ-ಬೆವರಿಗೆ ಕಪ್ಪಾಗುತ್ತದೆ, ಸವೆಯುತ್ತದೆ.

ಉತ್ತರ 3: ಬಸ್ಸಲ್ಲಿ ಬರುವವರು ಹತ್ತುವಾಗಲೇ ಕಂಡಕ್ಟರ್‌ಗೆ ಊರಿನ ಹೆಸರು ಹೇಳಿಡಿ, ಹೆದ್ದಾರಿಯಲ್ಲಿ ಇಳಿದು ಒಳಗೆ ನಡೆಯಬೇಕು. ನೀರು ಜೊತೆಗಿರಲಿ. ಭಾರತೀಯ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡ್‌ಗೆ ಮುಂಚೆಯೇ ಅನುಮತಿ ಬೇಕು. ಮಳೆಗಾಲದಲ್ಲಿ ಅಂಗಳದ ಕಲ್ಲು ಪಾಚಿ ಕಟ್ಟಿ ಜಾರುತ್ತದೆ, ಬರಿಗಾಲಲ್ಲಿ ಇನ್ನೂ ಹೆಚ್ಚು. ಹೊರಡುವ ಮುಂಚೆ ಹಿಂದಿನ ಕೆರೆಯ ಏರಿಗೆ ಹೋಗಿ: ಎಲ್ಲ ಶಿಖರಗಳೂ ಒಂದೇ ಚಿತ್ರದಲ್ಲಿ ಸಿಗುತ್ತವೆ.