ಕುದುರೆ ಗೊರಸಿಗೆ ಕೊಳೆ: ಮಳೆಗಾಲದಲ್ಲಿ ನೀವೇನು ಮಾಡುತ್ತೀರಿ?

ಸಾಗರದ ಕಡೆಯಿಂದ, ಪ್ರಶ್ನೆ:

ನಮಸ್ಕಾರ. ನಮ್ಮದು ಅಡಿಕೆ ತೋಟ, ಜೊತೆಗೆ ಸಣ್ಣ ಹೋಂಸ್ಟೇ. ಮಕ್ಕಳ ಆಸೆಗೆ ಬೇಸಿಗೆಯಲ್ಲಿ ಎರಡು ಕುದುರೆ ತಂದೆವು. ಮೇ ತಿಂಗಳವರೆಗೂ ಚೆನ್ನಾಗಿದ್ದವು. ಮಳೆ ಹಿಡಿದು ಮೂರು ವಾರ ಆಯಿತು. ಈಗ ಹೆಣ್ಣು ಕುದುರೆಯ ಹಿಂಗಾಲು ಎತ್ತಿದರೆ ಸತ್ತ ಇಲಿಯ ವಾಸನೆ. ಗೊರಸಿನ ತಳದಲ್ಲಿ ಕೀಲೆಣ್ಣೆಯಂಥ ಕಪ್ಪು ಲೋಳೆ. ಕುಂಟುತ್ತಿಲ್ಲ, ಆದರೆ ಕೆರೆಯಲು ಹೋದರೆ ಕಾಲು ಕಿತ್ತುಕೊಳ್ಳುತ್ತಾಳೆ. ಒಬ್ಬರು ಸೀಮೆಎಣ್ಣೆ ಸುರಿ ಅಂದರು, ಇನ್ನೊಬ್ಬರು ಬ್ಲೀಚಿಂಗ್ ಪೌಡರ್ ಅಂದರು. ಅಡಿಕೆಗೆ ಹೊಡೆಯಲು ತಂದ ಮೈಲುತುತ್ತ (ಕಾಪರ್ ಸಲ್ಫೇಟ್) ಅಂತೂ ಮನೆಯಲ್ಲೇ ಇದೆ. ಯಾವುದು ಸರಿ? ಅನುಭವ ಇದ್ದವರು ಹೇಳಿ.

ಮೈಸೂರಿನಿಂದ:

ಅಣ್ಣ, ಸೀಮೆಎಣ್ಣೆ ಡಬ್ಬಿಯನ್ನು ಮೊದಲು ಅಟ್ಟಕ್ಕೆ ಏರಿಸಿ. ನಮ್ಮಪ್ಪ ಜಟಕಾ ಓಡಿಸುತ್ತಿದ್ದರು, ನಾನೂ ಹತ್ತು ವರ್ಷ ಓಡಿಸಿದೆ. ಹಗಲೆಲ್ಲ ಟಾರು ರಸ್ತೆಯಲ್ಲಿ ನಡೆಯುವ ಕುದುರೆಗೆ ಇದು ಯಾಕೆ ಬರಬೇಕು ಅಂತ ನನಗೂ ಅನಿಸುತ್ತಿತ್ತು. ಬರುತ್ತಿದ್ದುದು ರಾತ್ರಿ ಕಟ್ಟುವ ಜಾಗದಿಂದ. ಒಂದೇ ಗೂಟ, ಒಂದೇ ಗುಂಡಿ. ಗಂಜಲವೂ ಅಲ್ಲೇ, ಲದ್ದಿಯೂ ಅಲ್ಲೇ, ಹಿಂಗಾಲೂ ಅಲ್ಲೇ. ನಮಗೆ ಲಾಳ ಕಟ್ಟುತ್ತಿದ್ದ ಸಾಹೇಬರು ಕಾಲು ಎತ್ತುವ ಮೊದಲೇ ಮೂಗು ಸಿಂಡರಿಸಿ, "ಕಟ್ಟೋ ಜಾಗ ತೋರ್ಸಪ್ಪ" ಅನ್ನುತ್ತಿದ್ದರು. ನೀವು ಎಲ್ಲಿ ಕಟ್ಟುತ್ತೀರಿ, ಅದನ್ನು ಹೇಳಿ ಮೊದಲು.

ಸಾಗರದವರು:

ಹಳೇ ದನದ ಕೊಟ್ಟಿಗೆಯಲ್ಲಿ. ನಮ್ಮ ರೂಢಿಯಂತೆ ದಿನಾ ಸೊಪ್ಪು ಹಾಕುತ್ತೇವೆ. ಗೊಬ್ಬರ ತೆಗೆಯುವುದು ಎರಡು ವಾರಕ್ಕೊಮ್ಮೆ.

ಸಕಲೇಶಪುರದ ಹತ್ತಿರದಿಂದ:

ಸರ್, ಉತ್ತರ ಅಲ್ಲೇ ಸಿಕ್ಕಿತಲ್ಲ! ನಾನೂ ಇದೇ ತಪ್ಪು ಮಾಡಿದವನು. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸೊಪ್ಪಿನ ಕೊಟ್ಟಿಗೆ ಇರುವುದೇ ಕೊಳೆಯಲಿ ಅಂತ. ಗೊಬ್ಬರ ಆಗಬೇಕಲ್ಲ. ಸೊಪ್ಪು, ಗಂಜಲ, ಸಗಣಿ ಸೇರಿ ಬಿಸಿಯಾಗಿ ಕಪ್ಪಾಗುತ್ತದೆ. ಅದರ ಮೇಲೆ ಕುದುರೆಯನ್ನು ರಾತ್ರಿಯಿಡೀ ನಿಲ್ಲಿಸಿದರೆ ಅದರ ಗೊರಸೂ ಗೊಬ್ಬರದ ದಾರಿ ಹಿಡಿಯುತ್ತದೆ. ದನ ಹೇಗೋ ತಡೆದುಕೊಳ್ಳುತ್ತದೆ. ಕುದುರೆ ತಡೆಯುವುದಿಲ್ಲ.

ಗೊರಸಿನ ತಳದಲ್ಲಿ, ಹಿಮ್ಮಡಿಯಿಂದ ಮುಂದಕ್ಕೆ ಚೂಪಾಗುವ ರಬ್ಬರಿನಂಥ ಭಾಗ ಇದೆಯಲ್ಲ, ಅದನ್ನು ಇಂಗ್ಲಿಷಿನಲ್ಲಿ ಫ್ರಾಗ್ ಅನ್ನುತ್ತಾರೆ. (ಕಪ್ಪೆಗೂ ಅದಕ್ಕೂ ಏನು ನಂಟೋ, ದೇವರೇ ಬಲ್ಲ.) ಅದರ ಎರಡು ಬದಿಗೂ ಒಂದೊಂದು ಕಾಲುವೆ, ನಡುವೆ ಒಂದು ಸಣ್ಣ ತಗ್ಗು. ಕೊಳೆ ಕೂರುವುದು ಈ ಮೂರು ಕಡೆ. ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾಗಳು ಗಾಳಿ ಆಡದ ಕಡೆಯೇ ಬೆಳೆಯುವಂಥವು. ಲದ್ದಿ ಮೆತ್ತಿಕೊಂಡು ಕಾಲುವೆ ಮುಚ್ಚಿತು ಅಂದರೆ ಅವಕ್ಕೆ ಬಾಗಿಲು ಹಾಕಿದ ಮನೆ ಸಿಕ್ಕಂತೆ.

ಈಗ ಒಂದು ಕೆಲಸ ಮಾಡಿ. ಆ ನಡುವಿನ ತಗ್ಗನ್ನು ಬೆಳಕಲ್ಲಿ ನೋಡಿ. ಹೆಬ್ಬೆರಳು ಒತ್ತಿದ ಗುರುತಿನಷ್ಟು ಅಗಲವಾಗಿ, ಮೇಲುಮೇಲೆ ಇದ್ದರೆ ಸರಿ. ಕೂದಲು ಬರುವ ಕಡೆಗೆ ಸೀಳಿದಂತೆ ಕಿರಿದಾಗಿ, ಕಡ್ಡಿ ಒಂದು ಇಂಚು ಒಳಗೆ ಇಳಿಯುವಂತಿದ್ದರೆ ಕೊಳೆ ಆಳಕ್ಕೆ ಹೋಗಿದೆ ಅಂತ ಅರ್ಥ. ಹೊರಗಿನ ಕಪ್ಪು ಲೋಳೆ ಒರೆಸಿ ವಾಸಿಯಾಯ್ತು ಅಂದುಕೊಳ್ಳುವವರು ಎಡವುವುದು ಇಲ್ಲೇ. ನಾನೂ ಎಡವಿದೆ. ನನ್ನ ಕುದುರೆ ಒಂದು ದಿನ ಇಳಿಜಾರಿನಲ್ಲಿ ಹಿಮ್ಮಡಿ ಊರದೆ ತುದಿಗಾಲಲ್ಲಿ ನಡೆಯಿತು. ಅಲ್ಲಿಯವರೆಗೂ ನನಗೆ ಹೊಳೆದಿರಲಿಲ್ಲ.

ನಾನು ಮಾಡಿದ್ದು ಹೀಗೆ. ಲಾಳ ಕಟ್ಟುವವರನ್ನು ಹಾಸನದಿಂದ ಕರೆಸಿ ಸಡಿಲವಾಗಿ ಜೋತಾಡುತ್ತಿದ್ದ ಸತ್ತ ಭಾಗ ಕತ್ತರಿಸಿ ತೆಗೆಸಿದೆ. ನೀವೇ ಚಾಕು ಹಿಡಿಯಬೇಡಿ. ಜಾಸ್ತಿ ಹೋದರೆ ರಕ್ತ ಬರುತ್ತದೆ. ಆಮೇಲೆ ದಿನಾ ಎರಡು ಹೊತ್ತು ಕೊಕ್ಕೆಯಲ್ಲಿ ಕೆರೆದು, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಹಳೇ ಬನಿಯನ್ ಬಟ್ಟೆಯಲ್ಲಿ ಒತ್ತಿ ಒರೆಸಿ ಒಣಗಿಸುವುದು. ಒಣಗಿದ ಮೇಲೆ ಪೊವಿಡೋನ್ ಅಯೋಡಿನ್, ಅದೇ ಗಾಯಕ್ಕೆ ಹಚ್ಚುವ ಕಂದು ಔಷಧಿ. ಆಳದ ಸೀಳಿಗೆ ಬ್ರಷ್ ಹೋಗುವುದಿಲ್ಲ. ಸೂಜಿ ತೆಗೆದ ಸಿರಿಂಜಿನಲ್ಲಿ ಒಳಕ್ಕೆ ಬಿಡುತ್ತಿದ್ದೆ. ಅದೇ ಔಷಧಿಯಲ್ಲಿ ಅದ್ದಿದ ಹತ್ತಿಯ ಎಳೆಯನ್ನು ಮೆಲ್ಲಗೆ ಸೀಳಿನಲ್ಲಿ ಕೂರಿಸಿ, ಮರುದಿನ ತೆಗೆದು ಹೊಸದು. ಹಳೇ ಹತ್ತಿ ಎರಡು ದಿನ ಬಿಟ್ಟರೆ ಅದೇ ಇನ್ನೊಂದು ಕೊಟ್ಟಿಗೆ.

ಮೇಲಿನ ಕೊಳೆ ಹತ್ತು ದಿನದಲ್ಲಿ ಹೋಯಿತು. ಸೀಳು ತುಂಬಿಕೊಳ್ಳಲು ಮೂರು ತಿಂಗಳ ಮೇಲೆ ಹಿಡಿಯಿತು.

ಔಷಧಿಗೆ ನಾನು ಕೊಡುವ ಮಾರ್ಕು ನೂರಕ್ಕೆ ಮೂವತ್ತು. ಉಳಿದದ್ದು ನೆಲಕ್ಕೆ. ಸೊಪ್ಪು ಪೂರ್ತಿ ತೆಗೆಸಿ. ಕೆಳಗಿನ ನೆನೆದ ಮಣ್ಣನ್ನೂ ಅರ್ಧ ಅಡಿ ಕೆತ್ತಿಸಿ. ನಾನು ಜಂಬಿಟ್ಟಿಗೆ ಚೂರು ಬಡಿಸಿ, ಹತ್ತು ಅಡಿಗೆ ಎರಡು ಇಂಚಿನಷ್ಟು ಇಳಿಜಾರು ಕೊಟ್ಟು, ಗಂಜಲ ಹೊರಗೆ ಹರಿಯಲು ಚರಂಡಿ ಮಾಡಿಸಿದೆ. ಮೇಲೆ ಸಾಮಿಲ್ಲಿನ ಒಣ ಮರದ ಹೊಟ್ಟು. ಲದ್ದಿ ದಿನಕ್ಕೆ ಮೂರು ಸಲ ಎತ್ತುತ್ತೇವೆ, ಒದ್ದೆಯಾದ ಹೊಟ್ಟನ್ನು ಬೆಳಿಗ್ಗೆ ತೆಗೆಯುತ್ತೇವೆ. ಮಂಡಿ ಊರಿ ನೆಲದ ಹತ್ತಿರ ಮೂಗು ಒಡ್ಡಿ ನೋಡಿ. ಕಣ್ಣು ಉರಿಯುವಷ್ಟು ಗಂಜಲದ ಘಾಟು ಇದ್ದರೆ ಆ ಜಾಗ ಇನ್ನೂ ಸರಿಯಾಗಿಲ್ಲ.

ಬೆಂಗಳೂರಿನಿಂದ:

ನಾನು ರೈಡಿಂಗ್ ಶಾಲೆಯೊಂದರಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದೆ. ನಾವು ಹೈಡ್ರೋಜನ್ ಪೆರಾಕ್ಸೈಡ್ ಹಾಕುತ್ತಿದ್ದೆವು. ಬುಸಬುಸ ನೊರೆ ಬಂದು ಕೊಳೆ ಎಲ್ಲ ಎದ್ದು ಬರುತ್ತದೆ. ಅದು ಬೇಗ ಅಲ್ವಾ? ಇನ್ನೊಂದು, ದಿನಾ ಪೈಪಿನಲ್ಲಿ ಕಾಲು ತೊಳೆಯುತ್ತಿದ್ದೆವು.

ಪಶುವೈದ್ಯೆಯೊಬ್ಬರು:

ನೊರೆ ನೋಡಲು ಚೆಂದ, ಅಷ್ಟೇ. ಅದು ಸತ್ತದ್ದನ್ನೂ ಸುಡುತ್ತದೆ, ಹೊಸದಾಗಿ ಬೆಳೆಯುತ್ತಿರುವ ಮೆತ್ತಗಿನ ಭಾಗವನ್ನೂ ಸುಡುತ್ತದೆ. ದಿನಾ ಹಾಕಿದರೆ ವಾಸಿಯಾಗುವುದೇ ತಡ. ಬ್ಲೀಚಿಂಗ್ ಪೌಡರ್, ಫಾರ್ಮಲಿನ್, ಸೀಮೆಎಣ್ಣೆ ಎಲ್ಲಕ್ಕೂ ಇದೇ ಮಾತು. ಗೊರಸಿಗೆ ಹಾಕುವ ಔಷಧಿಯನ್ನು ನಿಮ್ಮ ಅಂಗೈ ಗಾಯಕ್ಕೆ ಹಾಕಿಕೊಳ್ಳಲು ಹೆದರುತ್ತೀರಾದರೆ, ಕುದುರೆಗೂ ಹಾಕಬೇಡಿ. ಪೈಪಿನ ನೀರೂ ದಿನಾ ಬೇಡ. ನಾವು ಒಣಗಿಸಲು ಹೋರಾಡುತ್ತಿರುವಾಗ ಮತ್ತೆ ನೆನೆಸುವುದು ಯಾಕೆ? ಕೆಸರು ಮೆತ್ತಿದ ದಿನ ತೊಳೆಯಿರಿ, ಆದರೆ ಒರೆಸದೆ ಲಾಯಕ್ಕೆ ಬಿಡಬೇಡಿ.

ಮೈಲುತುತ್ತದ ವಿಷಯ. ದನಗಳ ಕಾಲಿಗೆ ಶೇ. 5ರ ಮೈಲುತುತ್ತದ ನೀರು ಬಳಸುವುದು ಹಳೇ ರೂಢಿ, ಕುದುರೆಗೂ ಬಳಸುವವರಿದ್ದಾರೆ. ಆದರೆ ಹಸಿ ಮಾಂಸ ಕಾಣುತ್ತಿರುವ ಕಡೆ ಪುಡಿಯನ್ನು ನೇರವಾಗಿ ತುಂಬಬೇಡಿ, ಉರಿ ತಡೆಯಲಾರದು. ಅಡಿಕೆಗೆ ಮೈಲುತುತ್ತ, ಸುಣ್ಣ ಸೇರಿಸಿ ಮಾಡಿದ ಬೋರ್ಡೋ ದ್ರಾವಣ ಉಳಿದಿದೆ ಅಂತ ಕಾಲಿಗೆ ಸುರಿಯುವುದೂ ಬೇಡ. ಕುದುರೆ, ದನ, ಕುರಿ ಬಾಯಿ ಹಾಕುವ ಕಡೆ ಚೆಲ್ಲದಂತೆ ನೋಡಿಕೊಳ್ಳಿ. ನಿಮ್ಮ ಕುದುರೆ ಕಾಲು ಕಿತ್ತುಕೊಳ್ಳುತ್ತಿದೆ ಅಂದರೆ ಈಗಾಗಲೇ ನೋವಿದೆ. ಹಾಗಾಗಿ ಸದ್ಯಕ್ಕೆ ಅಯೋಡಿನ್ ಸಾಕು.

ಯಾರೂ ಹೇಳದ ಒಂದು ಮಾತು: ಧನುರ್ವಾಯು. ಆ ರೋಗ ಕುದುರೆಗೆ ತಟ್ಟುವಷ್ಟು ಸುಲಭವಾಗಿ ದನಕ್ಕೆ ತಟ್ಟುವುದಿಲ್ಲ. ಗೊರಸಿನಲ್ಲಿ ಗಾಯ, ಕೆಳಗೆ ಲದ್ದಿ. ಟೆಟನಸ್ ಚುಚ್ಚುಮದ್ದು ಆಗಿದೆಯಾ ಅಂತ ಮಾರಿದವರನ್ನು ಕೇಳಿ. ಗೊತ್ತಿಲ್ಲ ಅಂದರೆ ಇವತ್ತೇ ವೈದ್ಯರನ್ನು ಕರೆಯಿರಿ. ಕುಂಟಿದರೆ, ಗೊರಸಿನ ಮೇಲೆ ಕಾಲು ಊದಿದರೆ, ಗೊರಸು ಬಿಸಿಯಾದರೆ ಮನೆಮದ್ದು ನಿಲ್ಲಿಸಿ. ಹೂಕೋಸಿನಂತೆ ಉಬ್ಬಿ, ಮುಟ್ಟಿದರೆ ರಕ್ತ ಬರುವ ಬೆಳವಣಿಗೆ ಕಂಡರೆ ಅದು ಕ್ಯಾಂಕರ್ ಎಂಬ ಬೇರೆಯೇ ರೋಗ ಇರಬಹುದು, ಅಯೋಡಿನ್‌ಗೆ ಜಗ್ಗುವುದಿಲ್ಲ. 1962ಕ್ಕೆ ಫೋನ್ ಮಾಡಿದರೆ ಪಶುಸಂಜೀವಿನಿ ವಾಹನ ಬರುತ್ತದೆ. ದೊಡ್ಡ ತೊಂದರೆ ಆದರೆ ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ.

ಮೈಸೂರಿನಿಂದ, ಮತ್ತೆ:

ಡಾಕ್ಟರಮ್ಮ ಹೇಳಿದ್ದೆಲ್ಲ ಸರಿ. ನನ್ನದೊಂದು ಸೇರಿಸಿ: ನಡೆಸಿ ಅಣ್ಣ. ಮಳೆ ಅಂತ ಕಟ್ಟಿಹಾಕಿದ ಕುದುರೆಗೇ ಈ ಕಾಯಿಲೆ. ಹೆಜ್ಜೆ ಊರಿದಾಗ ಗೊರಸು ಹಿಗ್ಗುತ್ತದೆ, ಎತ್ತಿದಾಗ ಕುಗ್ಗುತ್ತದೆ. ರಕ್ತ ಓಡಾಡುವುದೂ ಆಗ, ಮೆತ್ತಿದ ಕೊಳೆ ಉದುರುವುದೂ ಆಗ. ಮಳೆ ಬಿಟ್ಟ ಹೊತ್ತಲ್ಲಿ ಟಾರು ರಸ್ತೆಯಲ್ಲಿ ಅರ್ಧ ಗಂಟೆ, ದಿನಕ್ಕೆ ಎರಡು ಸಲ. ಗೊರಸು ಕತ್ತರಿಸುವುದನ್ನು ಆರು ವಾರ, ಹೆಚ್ಚೆಂದರೆ ಎಂಟು ವಾರಕ್ಕೆ ತಪ್ಪಿಸಬೇಡಿ. ಉದ್ದ ಬಿಟ್ಟರೆ ಹಿಮ್ಮಡಿ ಕಿರಿದಾಗಿ ಸೀಳು ಇನ್ನೂ ಆಳವಾಗುತ್ತದೆ.

ಸಾಗರದವರು, ಐದು ವಾರದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಧನುರ್ವಾಯು ಚುಚ್ಚುಮದ್ದು ಆಗಿರಲಿಲ್ಲ, ಹಾಕಿಸಿದೆವು. ಕೊಟ್ಟಿಗೆಯ ನೆಲ ಕೆತ್ತಿದಾಗ ಬಂದ ವಾಸನೆಗೆ ಕೆಲಸದವರೇ ಹೊರಗೆ ಓಡಿದರು. ಸಾಮಿಲ್ಲಿನಲ್ಲಿ ಒಣ ಹೊಟ್ಟು ಸಿಗಲಿಲ್ಲ, ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ತಂದು ಹಾಕಿದ್ದೇವೆ, ಪರವಾಗಿಲ್ಲ. ಸೊಪ್ಪಿನ ಗೊಬ್ಬರ ಕಡಿಮೆ ಆಯಿತು ಅಂತ ಅಪ್ಪಯ್ಯನಿಗೆ ಇನ್ನೂ ಸಿಟ್ಟು. ಎಡಗಾಲು ಪೂರ್ತಿ ಸರಿ. ಬಲಗಾಲಿನ ಸೀಳು ಅರ್ಧ ಇಂಚು ಉಳಿದಿದೆ, ಹತ್ತಿ ಇಡುವುದು ನಡೆಯುತ್ತಿದೆ. ಈಗ ಕಾಲು ಕೊಡುತ್ತಾಳೆ, ಕಿತ್ತುಕೊಳ್ಳುವುದಿಲ್ಲ.

ಇನ್ನೊಂದು ಕೇಳಬೇಕಿತ್ತು. ಗಂಡು ಕುದುರೆಯ ಮುಂಗಾಲಿನ ಆ ರಬ್ಬರಿನಂಥ ಭಾಗ ನಿನ್ನೆಯಿಂದ ಪದರ ಪದರವಾಗಿ ಏಳುತ್ತಿದೆ. ಇದಕ್ಕೂ ಶುರುವಾಯಿತಾ?

ಸಕಲೇಶಪುರದಿಂದ:

ವಾಸನೆ ಇದೆಯಾ? ಕೆಳಗಿನ ಪದರ ಗಟ್ಟಿಯಾಗಿದೆಯಾ?

ಸಾಗರದವರು:

ವಾಸನೆ ಇಲ್ಲ. ಕೆಳಗೆ ಗಟ್ಟಿಯಾಗಿ, ಒಣಗಿದೆ.

ಸಕಲೇಶಪುರದಿಂದ:

ಹಾಗಾದರೆ ಅದು ಕೊಳೆ ಅಲ್ಲ ಸರ್, ಪೊರೆ ಬಿಡುತ್ತಿದೆ. ವರ್ಷಕ್ಕೆ ಒಂದೆರಡು ಸಲ ಬಿಡುತ್ತದೆ. ಅದರ ಅಡಿಯಲ್ಲಿ ಲದ್ದಿ ಸಿಕ್ಕಿಕೊಳ್ಳದ ಹಾಗೆ ಕೆರೆಯಿರಿ, ಉಳಿದದ್ದು ತಾನೇ ಉದುರಲಿ.