ಆರ್‌ಎಕ್ಸ್ 100: ಏರಿನಲ್ಲಿ ಪೆಟ್ರೋಲ್ ಸಿಗದೆ ಆಫ್ ಆಗುತ್ತೆ, ಕಾರ್ಬುರೇಟರ್ ಬದಲಿಸಬೇಕಾ?

ಕೈಮರದವ:
ಎಲ್ಲರಿಗೂ ನಮಸ್ಕಾರ. ಅಪ್ಪ ಕೊಂಡಿದ್ದ 1994ರ ಯಮಹಾ ಆರ್‌ಎಕ್ಸ್ 100 ಈಗ ನಾನು ಓಡಿಸ್ತಿದ್ದೀನಿ. ಚಿಕ್ಕಮಗಳೂರು ಪೇಟೆಯೊಳಗೆ ಏನೂ ತೊಂದರೆ ಇಲ್ಲ. ಸ್ಟಾರ್ಟಿಂಗ್ ಚೆನ್ನಾಗಿದೆ, ಸ್ಲೋ ರನ್ನಿಂಗೂ ಸರಿಯಾಗಿದೆ. ಆದರೆ ಕೈಮರದ ಕಡೆ ಏರಲ್ಲಿ ಫುಲ್ ರೇಸ್ ಕೊಟ್ಟು ಸ್ವಲ್ಪ ದೂರ ಹೋದರೆ ಪಿಕಪ್ ಬೀಳುತ್ತೆ, ಜರ್ಕ್ ಹೊಡೆಯುತ್ತೆ, ಆಫ್ ಆಗುತ್ತೆ. ಚೋಕ್ ಎಳೆದರೆ ಒಂದು ಕ್ಷಣ ಚೇತರಿಸಿಕೊಳ್ಳುತ್ತೆ. ಐದು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗದ ಹಾಗೆ ಓಡುತ್ತೆ. ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸೋ ಭಾಗ) ಎರಡು ಸಲ ಬಿಚ್ಚಿ ತೊಳೆಸಿದ್ದಾಯ್ತು, ಪ್ಲಗ್ ಹೊಸದು. ಈಚೆಗೆ ಟ್ಯಾಂಕ್‌ಗೆ ಪೇಂಟ್ ಮಾಡಿಸಿ ಹೊಸ ಲಾಕ್ ಕ್ಯಾಪ್ ಹಾಕಿಸಿದ್ದೀನಿ. ಗ್ಯಾರೇಜಿನವರು ಕಾರ್ಬುರೇಟರೇ ಹೋಗಿದೆ, ಹೊಸದು ಹಾಕೋಣ ಅಂತಿದ್ದಾರೆ. ಅಪ್ಪನ ಕಾಲದ ಒರಿಜಿನಲ್ ಮಿಕುನಿ ಕಾರ್ಬುರೇಟರ್ ತೆಗೆಯೋಕೆ ಮನಸ್ಸಿಲ್ಲ.

ಹಾಸನ ಟೂ ಸ್ಟ್ರೋಕ್:
ಮೇನ್ ಜೆಟ್ (ಕಾರ್ಬುರೇಟರಲ್ಲಿ ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ಹಿತ್ತಾಳೆ ತುಂಡು) ಒಂದು ಸೈಜ್ ದೊಡ್ಡದು ಹಾಕಿ ನೋಡಿ ಬ್ರೋ. ನನ್ನ ಗಾಡೀಲಿ ಏರಲ್ಲಿ ಉಸಿರು ಕಟ್ಟಿದ ಹಾಗಾಗ್ತಿತ್ತು, ಅದರಿಂದಲೇ ಸರಿಹೋಯ್ತು.

ಶಿವಮೊಗ್ಗ ಮೇಸ್ತ್ರಿ:
ಜೆಟ್ ಮುಟ್ಟಬೇಡಿ, ಕಾರ್ಬುರೇಟರನ್ನೂ ಬದಲಿಸಬೇಡಿ. ಜೆಟ್ ಚಿಕ್ಕದಾಗಿದ್ದರೆ ಏರಿನ ಮೊದಲ ನೂರು ಮೀಟರಲ್ಲೇ ಗೊತ್ತಾಗ್ತಿತ್ತು. ನಿಮ್ಮದು ಮೊದಲು ಚೆನ್ನಾಗಿ ಎಳೆದು ಆಮೇಲೆ ಸೋಲುತ್ತಿದೆ. ಅಂದರೆ ಕಾರ್ಬುರೇಟರ್ ಕೆಳಗಿನ ಬಟ್ಟಲಲ್ಲಿ, ಅಂದರೆ ಬೌಲ್‌ನಲ್ಲಿ, ಪೆಟ್ರೋಲ್ ಇರೋವರೆಗೆ ಓಡುತ್ತೆ, ಖರ್ಚಾದಷ್ಟು ಮೇಲಿಂದ ಇಳೀತಾ ಇಲ್ಲ. ಪೇಟೆಯಲ್ಲಿ ಕುಡಿಯೋದೇ ಕಮ್ಮಿ, ಅದಕ್ಕೆ ಅಲ್ಲಿ ಗೊತ್ತಾಗಲ್ಲ.

ನನಗೆ ಅನುಮಾನ ಆ ಹೊಸ ಕ್ಯಾಪ್ ಮೇಲೆ. ಪೆಟ್ರೋಲ್ ಇಳಿದಷ್ಟೂ ಟ್ಯಾಂಕ್ ಒಳಗೆ ಗಾಳಿ ಹೋಗಬೇಕು. ಕ್ಯಾಪ್‌ನಲ್ಲಿ ಅದಕ್ಕೊಂದು ಸಣ್ಣ ದಾರಿ ಇರುತ್ತೆ. ಡೂಪ್ಲಿಕೇಟ್ ಕ್ಯಾಪ್‌ಗಳಲ್ಲಿ ಅದು ಇಲ್ಲದೇ ಇರೋದೂ ಉಂಟು, ಪಾಲಿಶ್‌ನ ಮೇಣ ಕೂತು ಮುಚ್ಚಿಹೋಗಿರೋದೂ ಉಂಟು. ಮುಂದಿನ ಸಲ ಗಾಡಿ ನಿಂತ ಕೂಡಲೇ ಕ್ಯಾಪ್ ತೆಗೀರಿ. ಸುಸ್ ಅಂತ ಗಾಳಿ ಒಳಗೆ ಎಳೆದುಕೊಂಡು, ತಕ್ಷಣ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ ಹಾಗೆ.

ಸದ್ದು ಬರದಿದ್ದರೆ ಟ್ಯಾಂಕ್ ಕೆಳಗಿನ ಪೆಟ್ರೋಲ್ ನಲ್ಲಿ, ಅಂದರೆ ಕಾಕ್ ಆಫ್ ಮಾಡಿ, ಬೌಲ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡೀರಿ. ಇಂಜಿನ್ ಬಿಸಿ ಇರುತ್ತೆ, ಸೈಲೆನ್ಸರ್ ಮೇಲೆ ಹನಿ ಬೀಳಬಾರದು. ಬೌಲ್ ತುಂಬಾ ಪೆಟ್ರೋಲ್ ಬಂದರೆ ಸಪ್ಲೈ ಸರಿಯಿದೆ, ಕರೆಂಟ್ ಕಡೆ ನೋಡಬೇಕು. ಸ್ಪಾರ್ಕ್ ಕೊಡಿಸೋ ಸಿಡಿಐ ಡಬ್ಬಿ ಅಥವಾ ಅದಕ್ಕೆ ಸಿಗ್ನಲ್ ಕೊಡೋ ಪಲ್ಸರ್ ಕಾಯಿಲ್ ಬಿಸಿಯಾಗಿ ಕೈಕೊಟ್ಟರೂ ಹೀಗೇ ನಿಂತು, ತಣಿದ ಮೇಲೆ ಓಡುತ್ತೆ. ನಿಂತ ಜಾಗದಲ್ಲೇ ಸ್ಪಾರ್ಕ್ ನೋಡಿದರೆ ಮಾತ್ರ ಅದು ಸಿಗೋದು. ಗ್ಯಾರೇಜಿಗೆ ತಳ್ಳಿಕೊಂಡು ಹೋಗೋಷ್ಟರಲ್ಲಿ ತಣಿದು ಸ್ಪಾರ್ಕ್ ಬಂದುಬಿಡುತ್ತೆ.

ಬೌಲ್ ಅರ್ಧಂಬರ್ಧ ಇದ್ದರೆ ಮನೆಗೆ ಬಂದು, ಇಂಜಿನ್ ತಣಿದ ಮೇಲೆ, ಕಾರ್ಬುರೇಟರ್ ಕಡೆಯಿಂದ ಪೈಪ್ ಕಿತ್ತು ಬಾಟಲಿಗೆ ಬಿಟ್ಟು ಎರಡು ಮೂರು ನಿಮಿಷ ನೋಡಿ. ಕ್ಯಾಪ್ ಹಾಕೇ ಇರಲಿ. ಮೊದಲು ದಾರವಾಗಿ ಸುರಿದು ಆಮೇಲೆ ತೊಟ್ಟಿಕ್ಕಿದರೆ ಕ್ಯಾಪ್. ಮೊದಲಿಂದಲೇ ಸಣ್ಣಗಿದ್ದರೆ ಕಾಕ್ ಮೇಲಿನ ಜಾಲರಿ. ಮಧ್ಯೆ ಪ್ಲಾಸ್ಟಿಕ್ ಫಿಲ್ಟರ್ ಸಿಕ್ಕಿಸಿದ್ದರೆ ಅದನ್ನು ತೆಗೆದೂ ನೋಡಿ. ಪಂಪ್ ಇಲ್ಲದ ಗಾಡಿ ಇದು, ಮೇಲಿಂದ ಇಳಿಯೋ ಭಾರವೊಂದೇ ಪೆಟ್ರೋಲನ್ನು ತಳ್ಳಬೇಕು. ಇಷ್ಟರಲ್ಲೂ ಹರಿವು ಚೆನ್ನಾಗಿದ್ದರೆ ಬೌಲ್‌ಗೆ ಪೆಟ್ರೋಲ್ ಬಿಡೋ, ನಿಲ್ಲಿಸೋ ಫ್ಲೋಟ್ ನೀಡಲ್ ತೆಗೆದು ನೋಡಿ, ಅದರ ರಬ್ಬರ್ ತುದಿ ಊದಿಕೊಂಡಿರಬಹುದು.

ಇದು ಗೊತ್ತಾಗೋವರೆಗೂ ದಯವಿಟ್ಟು ಫುಲ್ ರೇಸ್‌ನಲ್ಲಿ ಏರು ಹತ್ತಿಸಬೇಡಿ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಆದಾಗ ಟೂ ಸ್ಟ್ರೋಕ್ ಇಂಜಿನ್ ವಿಪರೀತ ಬಿಸಿಯಾಗುತ್ತೆ, ಪಿಸ್ಟನ್ ಸೀಜ್ ಆಗುತ್ತೆ, ಅಂದರೆ ಸಿಲಿಂಡರಲ್ಲಿ ಕಚ್ಚಿಕೊಂಡು ನಿಲ್ಲುತ್ತೆ. ಒಂದು ಕ್ಯಾಪ್‌ಗೋಸ್ಕರ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿದವರನ್ನು ನೋಡಿದ್ದೀನಿ, ಹೊಟ್ಟೆ ಉರಿಯುತ್ತೆ.

ಕೈಮರದವ:
ಅಣ್ಣ, ನೀವು ಹೇಳಿದ ಹಾಗೇ ಆಯ್ತು. ಕ್ಯಾಪ್ ತೆಗೆದಾಗ ಸುಸ್ ಅಂತು, ಕೂಡಲೇ ಸ್ಟಾರ್ಟ್ ಆಯ್ತು. ಹಳೇ ಕ್ಯಾಪ್ ಹುಡುಕಿ ಹಾಕಿದೆ, ಏರು ಸಲೀಸಾಗಿ ಹತ್ತುತ್ತೆ. ಆದರೆ ರಿಸರ್ವ್‌ಗೆ ತಿರುಗಿಸಿದರೆ ಈಗಲೂ ಮಿಸ್ಸಿಂಗ್ ಇದೆ. ಬಾಟಲಿಗೆ ಹಿಡಿದ ಪೆಟ್ರೋಲಲ್ಲಿ ತಳಕ್ಕೆ ಕೆಂಪು ಪುಡಿ, ಅದರ ಮೇಲೆ ಮಬ್ಬು ನೀರಿನಂಥ ಪದರ.

ಶಿವಮೊಗ್ಗ ಮೇಸ್ತ್ರಿ:
ಸಂತೋಷ. ಕೆಂಪು ಪುಡಿ ತುಕ್ಕು. ರಿಸರ್ವ್ ಟ್ಯಾಂಕಿನ ತಳದಿಂದ ಎಳೆಯೋದರಿಂದ ಕಸ ಮೊದಲು ಅಲ್ಲಿಗೇ ಬರುತ್ತೆ. ಮಬ್ಬು ಪದರ ನೀರು ಮತ್ತೆ ಎಥೆನಾಲ್. ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟ್ ತನಕ ಎಥೆನಾಲ್ ಇರುತ್ತೆ, ಅದು ತೇವ ಹೀರುತ್ತೆ. ನೀರು ಜಾಸ್ತಿಯಾದಾಗ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ನಿಲ್ಲಿಸಲೇಬೇಕಾದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಣಗಿಸಿ ಒಳಗೆ ಟೂಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ ಆಯಿಲ್) ಸವರಿ, ಬೌಲನ್ನೂ ಖಾಲಿ ಮಾಡಿ.

ಈಗ ಟ್ಯಾಂಕ್ ಇಳಿಸಿ ಖಾಲಿ ಮಾಡಿ. ಕಾಕ್ ಬಿಚ್ಚಿ ತೂತು ಮುಚ್ಚಿ, ಬಿಳಿ ವಿನಿಗರ್ ತುಂಬಿ ಒಂದು ದಿನ ಬಿಡಿ. ಹೊಸ ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ತೊಳೀರಿ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಲ್ಲಿ ಒಮ್ಮೆ, ಬರೀ ನೀರಲ್ಲಿ ಒಮ್ಮೆ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಒಣಗಿದ ಕೂಡಲೇ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಅಲ್ಲಾಡಿಸಿ, ತಡ ಮಾಡಿದರೆ ಕಣ್ಣೆದುರೇ ಮತ್ತೆ ತುಕ್ಕು ಹಿಡಿಯುತ್ತೆ. ಕಾಕ್‌ನ ಜಾಲರಿ, ವಾಷರ್ ಹೊಸದು ಹಾಕಿ. ಕಾರ್ಬುರೇಟರ್ ಅದೇ ಇರಲಿ. ಬೌಲ್ ಒಂದನ್ನು ಬಿಚ್ಚಿ ಪುಡಿ ತೊಳೆದರೆ ಸಾಕು. ಜೆಟ್‌ಗೆ ಮಾತ್ರ ತಂತಿ ತೂರಿಸಬೇಡಿ, ಗಾಳಿ ಹೊಡೆಸಿ. ಆ ಹಿತ್ತಾಳೆ ಒಂಚೂರು ಗೀರಿದರೂ ಅಳತೆ ಕೆಡುತ್ತೆ.